ಸೂರಿನಂಚು ನೋಡುತ್ತ ನಡೆಯಿರಿ: ಹಿದಾ-ಫುರುಕಾವಾ ಪರಿಚಯ

ಜಪಾನಿಗೆ ಮೊದಲ ಸಲ ಹೊರಟವರ ಪಟ್ಟಿಯಲ್ಲಿ ಟೋಕಿಯೋ, ಕ್ಯೋಟೊ, ಫ್ಯೂಜಿ ಪರ್ವತ ಇದ್ದೇ ಇರುತ್ತವೆ. ಇನ್ನಷ್ಟು ಓದಿಕೊಂಡವರು ಬೆಟ್ಟಗಳ ನಡುವಿನ ತಕಾಯಾಮಾವನ್ನೂ ಸೇರಿಸಿಕೊಳ್ಳುತ್ತಾರೆ. ತಕಾಯಾಮಾದಿಂದ ಅದೇ ರೈಲುಹಳಿಯಲ್ಲಿ ಉತ್ತರಕ್ಕೆ ಸುಮಾರು 15 ಕಿಲೋಮೀಟರ್ ಮುಂದೆ ಹೋದರೆ ಹಿದಾ-ಫುರುಕಾವಾ ಬರುತ್ತದೆ. ಅಲ್ಲಿ ಇಳಿಯುವವರು ಕಡಿಮೆ. ಬಡಗಿಗಳ ಊರು, ಮೇಣದಬತ್ತಿಯ ಊರು, ಅಕ್ಕಿಯ ಮದ್ಯವಾದ ಸಾಕೆ ತಯಾರಿಸುವ ಊರು ಎಂದು ಇದಕ್ಕೆ ಹೆಸರಿದೆ. ಇಲ್ಲಿ ಇಳಿಯಬೇಕೆಂದುಕೊಂಡವರಿಗೆ ಒಂದಿಷ್ಟು ಪೂರ್ವಸಿದ್ಧತೆ ಆಗಲೆಂದು ಈ ಪರಿಚಯ.

ಸಿದ್ಧತೆ ಯಾಕೆ ಬೇಕು ಎಂದರೆ, ಈ ಊರು ತನ್ನನ್ನು ತಾನು ಹೇಳಿಕೊಳ್ಳುವುದಿಲ್ಲ. ದೂರದಿಂದಲೇ ಕಣ್ಣು ಸೆಳೆಯುವ ಗೋಪುರ ಇಲ್ಲ. ಕೋಟೆಯಿತ್ತು, ಈಗ ಉಳಿದಿರುವುದು ಅದರ ಕಲ್ಲಿನ ಅಡಿಪಾಯ ಮತ್ತು ಕಂದಕದ ಒಂದು ಕೊಳ. ಏನೂ ತಿಳಿಯದೆ ಬಂದವರು ಮುಖ್ಯ ಬೀದಿಯಲ್ಲಿ ಒಂದು ಸುತ್ತು ಹಾಕಿ, ಕಾಲುವೆಯ ಮೀನಿನ ಚಿತ್ರ ತೆಗೆದು, ಮುಂದಿನ ರೈಲು ಹಿಡಿಯುತ್ತಾರೆ. ಎಲ್ಲಿ ನಿಲ್ಲಬೇಕು, ಯಾವುದನ್ನು ಹತ್ತಿರದಿಂದ ನೋಡಬೇಕು ಎಂದು ಗೊತ್ತಿದ್ದವರಿಗೆ ಅದೇ ಬೀದಿಗಳಲ್ಲಿ ಇಡೀ ದಿನ ಸಾಲುವುದಿಲ್ಲ.

ಮೊದಲು ಜಾಗದ ಪರಿಚಯ. ಜಪಾನಿನ ಮುಖ್ಯ ದ್ವೀಪ ಹೊನ್ಶುವಿನ ನಡುಭಾಗದಲ್ಲಿ ಗಿಫು ಪ್ರಾಂತ್ಯವಿದೆ. ಅದರ ಉತ್ತರದ ಬೆಟ್ಟಸೀಮೆಗೆ ಹಿದಾ ಎಂಬುದು ಹಳೆಯ ಹೆಸರು. ಅರಾಕಿ ಎಂಬ ಹೊಳೆ ಮಿಯಾ ನದಿಯನ್ನು ಸೇರುವ ಕಡೆ, ಸಮುದ್ರಮಟ್ಟದಿಂದ ಸುಮಾರು 500 ಮೀಟರ್ ಎತ್ತರದ ಕಣಿವೆಯಲ್ಲಿ ಫುರುಕಾವಾ ಕುಳಿತಿದೆ. ಇಲ್ಲಿನ ನೀರು ಉತ್ತರಕ್ಕೆ ಹರಿದು ತೊಯಾಮಾದ ಬಳಿ ಜಪಾನ್ ಸಮುದ್ರ ಸೇರುತ್ತದೆ. 2004ರಲ್ಲಿ ಫುರುಕಾವಾ, ಕಾಮಿಓಕಾ ಪಟ್ಟಣಗಳನ್ನೂ ಕವಾಯಿ, ಮಿಯಾಗಾವಾ ಹಳ್ಳಿಗಳನ್ನೂ ಒಟ್ಟುಗೂಡಿಸಿ ಹಿದಾ ನಗರ ಎಂದು ಮಾಡಿದರು. ನಗರ ಎಂಬ ಹೆಸರು ಆಡಳಿತದ ಲೆಕ್ಕಕ್ಕೆ ಮಾತ್ರ. ಅದರ ನೆಲದಲ್ಲಿ ಶೇಕಡ 90ಕ್ಕೂ ಹೆಚ್ಚು ಕಾಡೇ ಇದೆ.

ಈ ಕಾಡಿನಿಂದಲೇ ಊರಿನ ಕಥೆ ಶುರುವಾಗುತ್ತದೆ. ಎಂಟನೇ ಶತಮಾನದ ಜಪಾನಿನಲ್ಲಿ ಪ್ರತಿ ನಾಡೂ ಬಟ್ಟೆ ಮತ್ತಿತರ ವಸ್ತುಗಳ ರೂಪದಲ್ಲಿ ರಾಜಧಾನಿಗೆ ಕರ ಕಟ್ಟಬೇಕಿತ್ತು. ಗದ್ದೆ ಕಡಿಮೆ, ಮರ ಹೆಚ್ಚು ಇದ್ದ ಹಿದಾದ ಮೇಲೆ ಅಂಥ ಕರ ಹೊರಿಸಿ ಪ್ರಯೋಜನವಿರಲಿಲ್ಲ. ಹಾಗಾಗಿ 718ರ ಕಾನೂನು ಸಂಹಿತೆಯಲ್ಲಿ ಹಿದಾಕ್ಕೆಂದೇ ಒಂದು ವಿಶೇಷ ವಿಧಿ ಬಂತು: ಬೇರೆ ಕರ ಬೇಡ, 50 ಮನೆಗಳ ಪ್ರತಿ ಗ್ರಾಮದಿಂದ 10 ಜನ ಬಡಗಿಗಳನ್ನು ಕಳುಹಿಸಿ, ವರ್ಷಕ್ಕೊಮ್ಮೆ ಬದಲಿ ಕೊಡಿ. ಅವರಿಗೆ ಅಡುಗೆ ಮಾಡಿಹಾಕುವವರನ್ನು ಕಳುಹಿಸುವ ವಿಚಾರವೂ ಅದೇ ವಿಧಿಯಲ್ಲಿದೆ. ಹೀಗೆ ವರ್ಷಕ್ಕೆ ನೂರರಷ್ಟು ಜನ ಬೆಟ್ಟ ಇಳಿದು ಹೋಗಿ, ಮೊದಲು ನಾರಾದಲ್ಲಿ, ಆಮೇಲೆ ಕ್ಯೋಟೊದಲ್ಲಿ ಅರಮನೆಗಳನ್ನೂ ದೇವಾಲಯಗಳನ್ನೂ ಕಟ್ಟಿದರು. ಇಡೀ ದೇಶದಲ್ಲಿ ಕೈಕೆಲಸವನ್ನೇ ಕರವಾಗಿ ಸಲ್ಲಿಸಿದ ನಾಡು ಇದೊಂದೇ.

ಇದನ್ನು ಹೆಮ್ಮೆಯ ಕಥೆಯಾಗಿ ಮಾತ್ರ ಹೇಳುವುದು ವಾಡಿಕೆ. ನನಗೆ ಅದು ಅರ್ಧ ಕಥೆ ಅನ್ನಿಸುತ್ತದೆ. ದುಡಿಮೆ ಕಠಿಣವಾಗಿತ್ತು, ತಪ್ಪಿಸಿಕೊಂಡು ಓಡಿಹೋದವರು ಬಹಳ ಮಂದಿ. ಓಡಿಹೋದವರನ್ನು ಹಿಡಿಯಲು 834ರಲ್ಲಿ ಹೊರಟ ಆಜ್ಞೆಯೊಂದಿದೆ. ಹಿದಾದವರ ಮಾತು, ಮುಖಚಹರೆ ಬೇರೆ ನಾಡಿನವರಂತಲ್ಲ, ಹೆಸರು ಬದಲಿಸಿಕೊಂಡರೂ ಗುರುತು ಹಿಡಿಯಬಹುದು ಎಂಬುದು ಅದರ ಸಾರಾಂಶ. ದೇವಾಲಯಗಳ ಚೆಲುವನ್ನು ನೋಡುವಾಗ ಈ ಆಜ್ಞೆಯನ್ನೂ ನೆನಪಿಟ್ಟುಕೊಳ್ಳಬೇಕು. ಆ ಪದ್ಧತಿ ನಿಂತುಹೋಗಿ ಶತಮಾನಗಳೇ ಆದರೂ 'ಹಿದಾ ನೊ ತಕುಮಿ', ಅಂದರೆ ಹಿದಾದ ಕುಶಲಕರ್ಮಿ, ಎಂಬ ಮಾತು ಜಪಾನಿನಲ್ಲಿ ಇಂದಿಗೂ ಚಾಲ್ತಿಯಲ್ಲಿದೆ.

ಈಗ ಬೀದಿಗೆ ಬನ್ನಿ. ರೈಲುನಿಲ್ದಾಣದಿಂದ ನಡೆದೇ ಹೋಗುವಷ್ಟು ದೂರ. ಹದಿನಾರನೇ ಶತಮಾನದ ಕೊನೆಗೆ ಕಾನಾಮೋರಿ ವಂಶದವರು ಮಸುಶಿಮಾ ಕೋಟೆ ಕಟ್ಟಿ ಅದರ ಬುಡದಲ್ಲಿ ಈ ನೇರ ಬೀದಿಗಳನ್ನು ಹಾಕಿದರು. 1692ರಲ್ಲಿ ಇಲ್ಲಿನ ಮರಕ್ಕೂ ಗಣಿಗೂ ಆಸೆಪಟ್ಟ ಎದೊ (ಇಂದಿನ ಟೋಕಿಯೋ) ಸರ್ಕಾರ ಹಿದಾವನ್ನು ನೇರವಾಗಿ ತನ್ನ ಆಳ್ವಿಕೆಗೆ ತೆಗೆದುಕೊಂಡಿತು. ಬೀದಿಗಳ ವಿನ್ಯಾಸ ಹಳೆಯದೇ ಹೌದು, ಮನೆಗಳು ಮಾತ್ರ ಅಷ್ಟು ಹಳೆಯವಲ್ಲ. 1904ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋಯಿತು. ನೀವು ನೋಡುವ ಸಾಲುಮನೆಗಳಲ್ಲಿ ಹಳೆಯವೆನಿಸುವವು ಹೆಚ್ಚಾಗಿ ಆ ಬೆಂಕಿಯ ನಂತರದವು. ಎಷ್ಟೋ ಮನೆಗಳು ಇತ್ತೀಚಿನ ದಶಕಗಳಲ್ಲಿ ಕಟ್ಟಿದವು. ಹೊಸ ಮನೆ ಯಾವುದು, ಹಳೆಯದು ಯಾವುದು ಎಂದು ತಟ್ಟನೆ ಹೇಳಲಾಗದಂತೆ ಇಡೀ ಬೀದಿ ಒಂದೇ ಹದದಲ್ಲಿದೆ. ಅದು ಹೇಗೆ ಸಾಧ್ಯವಾಯಿತು ಎನ್ನುವುದೇ ಈ ಊರಿನಲ್ಲಿ ಕಲಿಯಬೇಕಾದ ಮುಖ್ಯ ಸಂಗತಿ.

ಯಾವುದಾದರೂ ಮನೆಯ ಮುಂದೆ ನಿಂತು ಸೂರಿನ ಕೆಳಗೆ ಕತ್ತೆತ್ತಿ ನೋಡಿ. ಸೂರನ್ನು ಹೊತ್ತಿರುವ ಮರದ ತೋಳುಗಳು ಗೋಡೆಯಿಂದ ಹೊರಕ್ಕೆ ಚಾಚಿರುತ್ತವೆ. ತೋಳಿನ ತುದಿಯಲ್ಲಿ ಸುರುಳಿಸುರುಳಿಯಾದ ಬಳ್ಳಿಯಂಥ ಕೆತ್ತನೆ. ಕೆತ್ತಿದ ಬದಿಗೆ ಬಿಳಿ ಬಣ್ಣ. ಕಂದು ಮರದ ನೆರಳಿನಲ್ಲಿ ಆ ಬಿಳುಪು ಎದ್ದು ಕಾಣುತ್ತದೆ. ಊರವರು ಅದನ್ನು 'ಕುಮೊ', ಅಂದರೆ ಮೋಡ, ಎಂದು ಕರೆಯುತ್ತಾರೆ. ಪಕ್ಕದ ಮನೆಯ ಕುಮೊಗೆ ಹೋಲಿಸಿ ನೋಡಿ: ಒಂದರಲ್ಲಿ ಸುರುಳಿ ಎರಡು ಸುತ್ತು ಹಾಕಿ ಮೇಲಕ್ಕೆ ತಿರುಗಿದರೆ ಇನ್ನೊಂದರಲ್ಲಿ ಕೆಳಕ್ಕೆ ಇಳಿಬಿದ್ದಿರುತ್ತದೆ. ಒಬ್ಬೊಬ್ಬ ಬಡಗಿಗೂ ಅವನದೇ ಒಂದು ವಿನ್ಯಾಸ, ಬೇರೆಯವರು ಅದನ್ನು ಬಳಸುವಂತಿಲ್ಲ. ಹೀಗಾಗಿ ಕುಮೊ ನೋಡಿದರೆ ಮನೆ ಕಟ್ಟಿದವರು ಯಾರು ಎಂದು ಊರಿನಲ್ಲಿ ತಿಳಿದವರು ಹೇಳುತ್ತಾರೆ. ಇಂಥ ನೂರಕ್ಕೂ ಹೆಚ್ಚು ವಿನ್ಯಾಸಗಳು ಇಲ್ಲಿವೆ. ಈ ಪದ್ಧತಿ ಬೇರೂರಿದ್ದು ಕಳೆದ ಶತಮಾನದ ನಡುಭಾಗದಲ್ಲಿ, ಅಂದರೆ ಇದು ಸಾವಿರ ವರ್ಷದ ಪಳೆಯುಳಿಕೆಯೇನೂ ಅಲ್ಲ. ಕಸುಬು ಜೀವಂತವಾಗಿರುವಾಗ ಹೊಸ ಸಂಪ್ರದಾಯಗಳೂ ಹುಟ್ಟುತ್ತವೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಬೀದಿಯ ಹದ ಕಾಪಾಡಿದ್ದು ಇನ್ನೊಂದು ಸಂಗತಿ. ಸುತ್ತಲಿನ ಮನೆಗಳ ಎತ್ತರ, ಬಣ್ಣ, ಸೂರಿನ ಗೆರೆ ಮೀರಿ ಎದ್ದು ಕಾಣುವಂತೆ ಕಟ್ಟಿದವರನ್ನು ಇಲ್ಲಿ 'ಸೋಬಾ-ಕುಜುಶಿ' ಎನ್ನುತ್ತಾರೆ: ಎಲ್ಲರೂ ಒಪ್ಪಿ ನಡೆಯುವ ರೂಢಿಯನ್ನು ಕೆಡಿಸಿದವರು. ನಗರಸಭೆಯ ನಿಯಮ ಬರುವ ಮೊದಲೇ ಈ ಮಾತಿನ ಅಳುಕು ಕೆಲಸ ಮಾಡುತ್ತಿತ್ತು. ಇಂಥ ಒತ್ತಡದಲ್ಲಿ ಬದುಕುವುದು ಎಲ್ಲರಿಗೂ ಹಿತವಾಗಿರಲಾರದು, ಅದನ್ನೂ ಒಪ್ಪೋಣ. ಆದರೆ ನೆರೆಯವರ ಜೊತೆ ಹೊಂದಿಕೊಂಡೂ ಸೂರಿನ ಕೆಳಗಿನ ಗೇಣುದ್ದದ ಜಾಗದಲ್ಲಿ ತನ್ನದೇ ಗುರುತು ಕೆತ್ತಿಡುವ ಈ ಏರ್ಪಾಡಿನಲ್ಲಿ ದೊಡ್ಡ ವಿವೇಕವಿದೆ.

ಬಡಗಿಗಳ ಕೆಲಸವನ್ನು ಕೈಯಲ್ಲಿ ಹಿಡಿದು ತಿಳಿಯಬೇಕಾದರೆ ಕಾಲುವೆಯ ಸಮೀಪದ ಕುಶಲಕರ್ಮಿಗಳ ಸಂಗ್ರಹಾಲಯಕ್ಕೆ ಹೋಗಿ. ಇಲ್ಲಿಯ ಮರ ಬಳಸಿ, ಇಲ್ಲಿಯ ಬಡಗಿಗಳೇ ಮೊಳೆಯಿಲ್ಲದೆ ಕಟ್ಟಿದ ಕಟ್ಟಡವದು. ಉಳಿ, ಗರಗಸ, ಹತ್ತರಿಗಳ ಸಾಲು ನೋಡಿ ಮುಂದೆ ಹೋಗಬೇಡಿ; ಕೀಲುಗಳ ಮಾದರಿಗಳನ್ನು ಮುಟ್ಟಿ, ಬಿಚ್ಚಿ, ಮತ್ತೆ ಜೋಡಿಸಲು ಬಿಡುತ್ತಾರೆ. ಮೊಳೆ ಯಾಕಿಲ್ಲ ಎಂಬ ಪ್ರಶ್ನೆ ಮೊದಲ ಸಲ ಬಂದವರಿಗೆ ಸಹಜವಾಗಿ ಬರುತ್ತದೆ. ಹಿದಾದಲ್ಲಿ ಬೇಸಿಗೆ ಬೆವರಿಳಿಸುವಷ್ಟು ತೇವ, ಚಳಿಗಾಲದಲ್ಲಿ ಛಾವಣಿಯ ಮೇಲೆ ಹಿಮದ ಭಾರ. ಮರ ತೇವ ಕುಡಿದು ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಕಬ್ಬಿಣದ ಮೊಳೆ ಹಾಗೆ ಹಿಗ್ಗಿ ಕುಗ್ಗದು, ಮೇಲಾಗಿ ತುಕ್ಕು ಹಿಡಿದು ಸುತ್ತಲಿನ ಮರವನ್ನೂ ಕೆಡಿಸುತ್ತದೆ. ಮರಕ್ಕೆ ಮರವೇ ಕಚ್ಚಿಕೊಂಡರೆ ಎರಡೂ ಒಟ್ಟಿಗೆ ಹಿಗ್ಗುತ್ತವೆ, ಒಟ್ಟಿಗೆ ಕುಗ್ಗುತ್ತವೆ.

ಹಿದಾದ ಹಳೆಯ ಆಟಿಕೆ 'ಚಿದೋರಿ'ಯಲ್ಲಿ ಇದೇ ತತ್ವ ಇನ್ನೂ ಸರಳವಾಗಿ ಕಾಣುತ್ತದೆ. ಅಲ್ಲಲ್ಲಿ ಕಚ್ಚು ಹಾಕಿದ ಮರದ ಕಡ್ಡಿಗಳು. ಎರಡನ್ನು ಅಡ್ಡಡ್ಡ ಹಿಡಿದು ಮೂರನೆಯದನ್ನು ತೂರಿಸಿ ತಿರುಗಿಸಿದರೆ ಸಾಕು, ಮೂರೂ ಬಿಗಿಯಾಗಿ ಕೂರುತ್ತವೆ. ಅಂಟು ಬೇಡ, ಮೊಳೆ ಬೇಡ. ವಾಸ್ತುಶಿಲ್ಪಿ ಕೆಂಗೊ ಕುಮಾ ಈ ಆಟಿಕೆಯ ಸೂತ್ರವನ್ನೇ ಹಿಗ್ಗಿಸಿ 2007ರಲ್ಲಿ ಮಿಲಾನ್‌ನಲ್ಲಿ ಒಂದು ಮಂಟಪ ನಿಲ್ಲಿಸಿದರು, ಆಮೇಲೆ ಐಚಿ ಪ್ರಾಂತ್ಯದಲ್ಲಿ ಒಂದು ಕಟ್ಟಡವನ್ನೇ ಕಟ್ಟಿದರು. ಫುರುಕಾವಾದಲ್ಲೂ ಹೊಸ ಕೆಲಸ ನಡೆದಿದೆ. ಇಲ್ಲಿನ ಕಾಡಿನ ಅಗಲ ಎಲೆಯ ಮರಗಳ ಬಹುಪಾಲು ಕಾಗದಕ್ಕೆಂದು ಚೂರಾಗಿ ಹೋಗುತ್ತಿತ್ತು. ಆ ಮರಕ್ಕೆ ಒಳ್ಳೆಯ ಬಾಳು ಕೊಡಿಸಬೇಕೆಂದು 2015ರಲ್ಲಿ ನಗರಸಭೆಯೂ ಖಾಸಗಿಯವರೂ ಸೇರಿ ಹಿದಾಕುಮಾ ಎಂಬ ಸಂಸ್ಥೆ ಕಟ್ಟಿದರು. ಅವರು ಹಳೆಯ ಮನೆಯೊಂದರಲ್ಲಿ ನಡೆಸುವ ಫ್ಯಾಬ್‌ಕೆಫೆಯಲ್ಲಿ ಕಾಫಿ ಕುಡಿಯುತ್ತ ಲೇಸರ್ ಯಂತ್ರವೂ ಉಳಿಯೂ ಒಂದೇ ಸೂರಿನಡಿ ಕೆಲಸ ಮಾಡುವುದನ್ನು ನೋಡಬಹುದು.

ಇನ್ನು ಸಾಕೆ. ಮದ್ಯ ಮುಟ್ಟದವರೂ ಈ ಭಾಗವನ್ನು ಬಿಡಬೇಡಿ. ಇದು ಕುಡಿತಕ್ಕಿಂತ ಮೊದಲು ಒಂದು ಕಸುಬು. ಮುಖ್ಯ ಬೀದಿಯಲ್ಲಿ ಎರಡು ಮದ್ಯಶಾಲೆಗಳು ಹತ್ತಿರಹತ್ತಿರದಲ್ಲಿವೆ. 1704ರಿಂದ ನಡೆದುಬಂದಿರುವ ಕಾಬಾ ಮನೆತನದ್ದು ಒಂದು, ಅವರ ಸಾಕೆಯ ಹೆಸರು ಶಿರಾಮಯುಮಿ. 1870ರಲ್ಲಿ ಶುರುವಾದ ವತಾನಬೆ ಮನೆತನದ್ದು ಇನ್ನೊಂದು, ಅವರದು ಹೋರಾಯಿ. ಎರಡರ ಬಾಗಿಲ ಮೇಲೂ ಗಿಡದ ಎಲೆಗಳಿಂದ ಕಟ್ಟಿದ ದೊಡ್ಡ ಚೆಂಡು ತೂಗಿರುತ್ತದೆ. ಅದು 'ಸುಗಿದಾಮಾ', ಜಪಾನಿ ಸೀಡರ್ ಮರದ ಚಿಗುರುಗಳ ಉಂಡೆ. ಚಳಿಗಾಲದಲ್ಲಿ ಹೊಸ ಸಾಕೆ ಹಿಂಡಿದಾಗ ಹಸಿರು ಚೆಂಡು ಕಟ್ಟುತ್ತಾರೆ. ತಿಂಗಳು ಕಳೆದಂತೆ ಅದು ಬಾಡಿ ಕಂದಾಗುತ್ತದೆ, ಒಳಗಿನ ಮದ್ಯವೂ ಅಷ್ಟೇ ಮಾಗಿದೆ ಎಂದು ಹೊರಗೆ ನಿಂತವರಿಗೆ ತಿಳಿಯುತ್ತದೆ.

ಅಕ್ಕಿ ಮದ್ಯವಾಗುವ ಬಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಹುದುಗು ಬರಿಸುವ ಯೀಸ್ಟ್‌ಗೆ ಸಕ್ಕರೆ ಬೇಕು, ಅಕ್ಕಿಯಲ್ಲಿರುವುದು ಪಿಷ್ಟ. ಬಿಯರ್ ಮಾಡುವವರು ಬಾರ್ಲಿಯನ್ನು ಮೊಳಕೆ ಬರಿಸಿ ಈ ತೊಡಕು ನೀಗುತ್ತಾರೆ. ನಮ್ಮ ಮನೆಗಳಲ್ಲಿ ರಾಗಿಯನ್ನು ಮೊಳಕೆ ಕಟ್ಟಿ ಮಾಲ್ಟ್ ಮಾಡಿದಾಗ ಹಿಟ್ಟಿಗೆ ತಾನಾಗಿ ಸಿಹಿ ಬರುವುದೂ ಇದೇ ಕಾರಣಕ್ಕೆ. ಪಾಲಿಶ್ ಮಾಡಿದ ಅಕ್ಕಿಗೆ ಮೊಳಕೆ ಬಾರದು. ಅದಕ್ಕೆ ಜಪಾನಿನವರು 'ಕೋಜಿ' ಎಂಬ ಬೂಷ್ಟನ್ನು ನೆಚ್ಚಿಕೊಂಡಿದ್ದಾರೆ. ಹಬೆಯಲ್ಲಿ ಬೆಂದ ಅಕ್ಕಿಯನ್ನು ಬೆಚ್ಚಗಿನ ಕೋಣೆಯಲ್ಲಿ ಹರವಿ, ಬೂಷ್ಟಿನ ಪುಡಿ ಉದುರಿಸಿ, ಎರಡು ದಿನ ಹಗಲು ರಾತ್ರಿ ಕೆದಕುತ್ತ ಕಾಯುತ್ತಾರೆ. ಅದು ಪಿಷ್ಟವನ್ನು ಸಕ್ಕರೆಯಾಗಿಸುತ್ತದೆ. ಆಮೇಲೆ ಅದಕ್ಕೆ ಯೀಸ್ಟ್, ನೀರು, ಇನ್ನಷ್ಟು ಬೆಂದ ಅಕ್ಕಿಯನ್ನು ಕಂತುಕಂತಾಗಿ ಸೇರಿಸುತ್ತಾರೆ. ಒಂದೇ ತೊಟ್ಟಿಯಲ್ಲಿ ಒಂದು ಕಡೆ ಪಿಷ್ಟ ಸಕ್ಕರೆಯಾಗುತ್ತಿರುತ್ತದೆ, ಇನ್ನೊಂದು ಕಡೆ ಸಕ್ಕರೆ ಮದ್ಯವಾಗುತ್ತಿರುತ್ತದೆ. ಎರಡೂ ಜೊತೆಗೇ ನಡೆಯುವುದರಿಂದ ಭಟ್ಟಿ ಇಳಿಸದೆಯೇ ಮದ್ಯಸಾರ ಶೇಕಡ 20ರ ಹತ್ತಿರ ಹೋಗುತ್ತದೆ. ನೀರು ಬೆರೆಸಿ 15-16ಕ್ಕೆ ತರುತ್ತಾರೆ.

ಈ ಹುದುಗು ತಣ್ಣಗಿನ ವಾತಾವರಣದಲ್ಲಿ ವಾರಗಟ್ಟಲೆ ನಿಧಾನವಾಗಿ ನಡೆಯಬೇಕು. ಹಿದಾದ ಕೊರೆಯುವ ಚಳಿ, ಹಿಮ ಕರಗಿ ಬೆಟ್ಟದೊಳಗೆ ಸೋಸಿ ಬರುವ ನೀರು ಎರಡೂ ಇಲ್ಲಿ ಧಾರಾಳ. ಅಕ್ಕಿಯೂ ಪ್ರಾಂತ್ಯದ್ದೇ: 'ಹಿದಾಹೊಮಾರೆ' ಎಂಬ ತಳಿ, ಕಾಳು ದಪ್ಪ, ನಡುವೆ ಬೆಳ್ಳಗಿನ ಪಿಷ್ಟದ ತಿರುಳು. ಆ ತಿರುಳಿಗಾಗಿಯೇ ಹೊರಪದರವನ್ನು ಉಜ್ಜಿ ತೆಗೆಯುತ್ತಾರೆ. ಕಾಳಿನಲ್ಲಿ ಶೇಕಡ 60 ಅಥವಾ ಅದಕ್ಕಿಂತ ಕಡಿಮೆ ಉಳಿಸಿಕೊಂಡದ್ದು ಗಿಂಜೊ, ಅರ್ಧ ಅಥವಾ ಅದಕ್ಕಿಂತ ಕಡಿಮೆ ಉಳಿಸಿಕೊಂಡದ್ದು ದಾಯಿಗಿಂಜೊ. ಹೊರಗಿನಿಂದ ಮದ್ಯಸಾರ ಬೆರೆಸದೆ ಅಕ್ಕಿ, ಕೋಜಿ, ನೀರಿನಿಂದಲೇ ಮಾಡಿದ್ದಕ್ಕೆ ಜುನ್ಮಾಯಿ ಎನ್ನುತ್ತಾರೆ. ಬಾಟಲಿಯ ಚೀಟಿ ಓದಲು ಹೊಸಬರಿಗೆ ಇಷ್ಟು ಸಾಕು.

ಮದ್ಯಶಾಲೆಗೆ ಹೋಗುವ ದಿನ ಬೆಳಗಿನ ತಿಂಡಿಗೆ ನಾತ್ತೊ, ಅಂದರೆ ಹುದುಗಿಸಿದ ಸೋಯಾ ಕಾಳು, ತಿನ್ನಬೇಡಿ. ಅದರ ಬ್ಯಾಕ್ಟೀರಿಯಾ ಗಟ್ಟಿಗ. ಕೈಯಲ್ಲೋ ಬಟ್ಟೆಯಲ್ಲೋ ಒಳಗೆ ಹೋದರೆ ಕೋಜಿ ಕೆಟ್ಟೀತೆಂದು ಮದ್ಯಶಾಲೆಯವರು ಅಂಜುತ್ತಾರೆ. ಜಪಾನಿನಲ್ಲಿ ಮದ್ಯಕ್ಕೆ ಕನಿಷ್ಠ ವಯಸ್ಸು 20. ಊರ ಸುತ್ತಲಿನ ಗದ್ದೆಬಯಲಲ್ಲಿ ಬಾಡಿಗೆ ಸೈಕಲ್ ತುಳಿಯುವ ಖುಷಿ ದೊಡ್ಡದು, ಆದರೆ ಸೈಕಲ್ ಸವಾರಿ ಮೊದಲು, ರುಚಿ ನೋಡುವುದು ಆಮೇಲೆ. ಕುಡಿದು ಸೈಕಲ್ ಓಡಿಸುವವರ ಮೇಲಿನ ಶಿಕ್ಷೆಯನ್ನು 2024ರ ನವೆಂಬರ್‌ನಿಂದ ಅಲ್ಲಿ ಬಿಗಿ ಮಾಡಿದ್ದಾರೆ.

ಮದ್ಯಶಾಲೆಗಳ ಬಿಳಿ ಉಗ್ರಾಣಗಳ ಹಿಂದೆಯೇ ಸೆತೊಗಾವಾ ಕಾಲುವೆ ಹರಿಯುತ್ತದೆ. ಸುಮಾರು 400 ವರ್ಷಗಳ ಹಿಂದೆ ಗದ್ದೆಗೆ ನೀರುಣಿಸಲು ತೋಡಿದ್ದು. 1960ರ ದಶಕದಲ್ಲಿ ದೇಶ ದಡದಡನೆ ಬೆಳೆಯುತ್ತಿದ್ದಾಗ ಇದೂ ಕೊಳಕಾಗಿತ್ತು. ಊರವರು ಹೂಳೆತ್ತಿ 1968ರಲ್ಲಿ ಬಣ್ಣದ ಕಾರ್ಪ್ ಮೀನುಗಳನ್ನು ಬಿಟ್ಟರು. ಮೀನಿರುವ ನೀರಿಗೆ ಕಸ ಎಸೆಯಲು ಯಾರಿಗೂ ಮನಸ್ಸು ಬರಲಿಲ್ಲ. ನವೆಂಬರ್ ಕೊನೆಗೆ ಮೀನುಗಳನ್ನು ಹಿಡಿದು ಕೋಟೆಯ ಕೊಳಕ್ಕೆ ಸಾಗಿಸುತ್ತಾರೆ, ಯಾಕೆಂದರೆ ಚಳಿಗಾಲದಲ್ಲಿ ಬೀದಿಯ ಹಿಮವನ್ನು ಈ ಕಾಲುವೆಗೇ ತಳ್ಳಬೇಕು. ಏಪ್ರಿಲ್‌ನಲ್ಲಿ ಮೀನು ಮರಳಿ ಬರುತ್ತವೆ. ಮೀನು ನೋಡಲೆಂದೇ ಹೋಗುವವರು ಈ ಲೆಕ್ಕ ಇಟ್ಟುಕೊಳ್ಳಿ.

ಬೀದಿಯಲ್ಲಿ ಏಳು ತಲೆಮಾರುಗಳಿಂದ ನಡೆದುಬಂದಿರುವ ಮಿಶಿಮಾ ಮೇಣದಬತ್ತಿ ಅಂಗಡಿಯಿದೆ. ನಮಗೆ ಪರಿಚಿತವಾದ ಮೇಣದಬತ್ತಿ ಪೆಟ್ರೋಲಿಯಂ ಮೇಣದ್ದು, ಅಚ್ಚಿಗೆ ಸುರಿದು ಮಾಡಿದ್ದು. ಇಲ್ಲಿ ಮೇಣ ಬರುವುದು 'ಹಾಜೆ' ಮರದ ಕಾಯಿಂದ. ಬತ್ತಿಯೂ ಹತ್ತಿಯದಲ್ಲ, ಜಪಾನಿ ಕಾಗದದ ಕೊಳವೆಗೆ ಜೊಂಡುಹುಲ್ಲಿನ ತಿರುಳನ್ನು ಎಳೆಎಳೆಯಾಗಿ ಸುತ್ತಿದ್ದು. ಬತ್ತಿಯನ್ನು ಕಡ್ಡಿಗೆ ಸಿಕ್ಕಿಸಿ, ಕರಗಿದ ಮೇಣ ಸವರಿ, ಆರಿಸಿ, ಮತ್ತೆ ಸವರುತ್ತ ಹೋಗುತ್ತಾರೆ. ಕೊಯ್ದು ನೋಡಿದರೆ ಮರದ ಕಾಂಡದಲ್ಲಿರುವಂತೆ ಬಳೆಬಳೆಯಾಗಿ ಪದರಗಳು ಕಾಣುತ್ತವೆ. ಬತ್ತಿ ಟೊಳ್ಳಾದ್ದರಿಂದ ಕೆಳಗಿನಿಂದ ಗಾಳಿ ಏರುತ್ತದೆ, ಗಾಳಿ ಬೀಸದಿದ್ದರೂ ಜ್ವಾಲೆ ಎತ್ತರಕ್ಕೆ ಎದ್ದು ತೂಗುತ್ತಿರುತ್ತದೆ. ಹೊಗೆ, ಮಸಿ ಕಡಿಮೆ. ಅಂಗಡಿಯಲ್ಲಿ ನಿಂತು ಒಂದು ಬತ್ತಿ ಉರಿಯುವುದನ್ನು ಸುಮ್ಮನೆ ನೋಡಿ. ಕೊಳ್ಳುವ ಅವಸರ ಬೇಡ.

ಈ ಬತ್ತಿಗಳಿಗೆ ಊರಿನಲ್ಲಿ ದೊಡ್ಡ ಕೆಲಸ ಬೀಳುವುದು ಜನವರಿ 15ರಂದು, 'ಸಾನ್‌ತೆರಾ ಮಾಯಿರಿ' ರಾತ್ರಿ. ಬೌದ್ಧ ಗುರು ಶಿನ್ರಾನ್ ಸ್ಮರಣೆಗೆ ಎಂಕೋಜಿ, ಶಿನ್‌ಶೂಜಿ, ಹೊಂಕೋಜಿ ಎಂಬ ಮೂರು ದೇವಾಲಯಗಳನ್ನು ಸುತ್ತಿಬರುವ ಆಚರಣೆ ಇದು. ಕಳೆದ ಶತಮಾನದ ಆರಂಭದ ಆಚೀಚೆ ಹಿದಾದ ಬಡ ಮನೆಗಳ ಹುಡುಗಿಯರು ನೊಮುಗಿ ಕಣಿವೆಮಾರ್ಗದ ಹಿಮದಲ್ಲಿ ನಡೆದು, ಆಚೆ ಕಡೆಯ ನಾಗಾನೊ ಪ್ರಾಂತ್ಯದ ರೇಷ್ಮೆ ನೂಲಿನ ಗಿರಣಿಗಳಲ್ಲಿ ದುಡಿಯಲು ಹೋಗುತ್ತಿದ್ದರು. ಹೊಸ ವರ್ಷಕ್ಕೆ ಮನೆಗೆ ಬಂದಾಗ ಸಿಂಗರಿಸಿಕೊಂಡು ಸೆತೊಗಾವಾ ದಂಡೆಯಲ್ಲಿ ಓಡಾಡುವ ರಾತ್ರಿ ಇದಾಗಿತ್ತು, ಎಷ್ಟೋ ಸಂಬಂಧಗಳು ಕುದುರಿದ್ದೂ ಅಲ್ಲಿಯೇ. ಇಂದಿಗೂ ಬೀದಿಯಲ್ಲಿ ಆಳೆತ್ತರದ ಹಿಮದ ಕಂಬಗಳನ್ನು ನಿಲ್ಲಿಸಿ ದೀಪ ಇಡುತ್ತಾರೆ. ಒಲವು ಕೂಡಿಬರಲೆಂದು ಹಚ್ಚುವುದು ಬಿಳಿ ಬತ್ತಿ, ಕೂಡಿಬಂದ ಮೇಲೆ ಕೃತಜ್ಞತೆಗೆ ಹಚ್ಚುವುದು ಕೆಂಪು. ರೇಷ್ಮೆ ಸೀರೆಯ ನಾಡಿನಿಂದ ಹೋಗುವ ನಾವು ಆ ಹುಡುಗಿಯರನ್ನು ಒಂದು ಗಳಿಗೆ ನೆನೆಯಬೇಕು.

ಗದ್ದಲ ಇಷ್ಟಪಡುವವರಿಗೆ ಏಪ್ರಿಲ್ 19 ಮತ್ತು 20ರ ಫುರುಕಾವಾ ಹಬ್ಬವಿದೆ. ಕೆತ್ತನೆಯ ಒಂಬತ್ತು ತೇರುಗಳು ಹೊರಡುತ್ತವೆ; ರಾತ್ರಿ ಅರೆಬೆತ್ತಲೆ ಗಂಡಸರು ಭಾರಿ ನಗಾರಿಯ ಮಂಚವನ್ನು ಹೊತ್ತು ನುಗ್ಗುತ್ತಾರೆ, ಸಣ್ಣ ನಗಾರಿಯ ಗುಂಪುಗಳು ಅದರ ಬೆನ್ನು ಹತ್ತಲು ಸೆಣಸುತ್ತವೆ. 2016ರಲ್ಲಿ ಯುನೆಸ್ಕೊ ಜಪಾನಿನ 33 ತೇರುಹಬ್ಬಗಳನ್ನು ಒಟ್ಟಾಗಿ ಪಾರಂಪರಿಕ ಪಟ್ಟಿಗೆ ಸೇರಿಸಿದಾಗ ಇದೂ ಅದರಲ್ಲಿತ್ತು. ಅದೇ ವರ್ಷ ಬಂದ ಮಕೊತೊ ಶಿಂಕಾಯಿ ಅವರ 'ಯುವರ್ ನೇಮ್' ಅನಿಮೇಷನ್ ಚಿತ್ರದಲ್ಲಿ ಇಲ್ಲಿನ ರೈಲುನಿಲ್ದಾಣ ಕಾಣುವುದರಿಂದ ಅದನ್ನು ಹುಡುಕಿಕೊಂಡು ಬರುವ ಯುವಜನರೂ ಇದ್ದಾರೆ. ಊರು ಹೇಗಿದೆ ಎಂದು ತಿಳಿಯಲು ಬರುವವರು ಹಬ್ಬ ಬಿಟ್ಟು ಬೇರೆ ದಿನ ಬನ್ನಿ ಎಂಬುದೇ ನನ್ನ ಸಲಹೆ.

ಹೋಗುವ ದಾರಿ ಸುಲಭ. ನಾಗೊಯಾದಿಂದ 'ಹಿದಾ' ಎಕ್ಸ್‌ಪ್ರೆಸ್ ರೈಲು ಎರಡೂವರೆ ಗಂಟೆಯ ಆಸುಪಾಸಿನಲ್ಲಿ ತಕಾಯಾಮಾ ಮುಟ್ಟುತ್ತದೆ, ಕೆಲವು ಮುಂದೆ ಫುರುಕಾವಾಕ್ಕೂ ಬರುತ್ತವೆ. ಟೋಕಿಯೋದಿಂದಾದರೆ ಶಿಂಕಾನ್‌ಸೆನ್ ಬುಲೆಟ್ ರೈಲಿನಲ್ಲಿ ತೊಯಾಮಾಕ್ಕೆ ಬಂದು ಅಲ್ಲಿಂದ ತೆಂಕಣಕ್ಕೆ ಇಳಿಯಬಹುದು. ತಕಾಯಾಮಾದಿಂದ ಹದಿನೈದು ನಿಮಿಷದ ದಾರಿಯಾದರೂ ಲೋಕಲ್ ರೈಲುಗಳು ವಿರಳ, ಹಿಂತಿರುಗುವ ವೇಳೆಯನ್ನು ಇಳಿದ ತಕ್ಷಣ ಬರೆದಿಟ್ಟುಕೊಳ್ಳಿ. ಸಸ್ಯಾಹಾರಿಗಳಿಗೆ ಒಂದು ಮಾತು: ಸೊಬಾ ನೂಡಲ್ಸ್, ಬೇಯಿಸಿದ ತರಕಾರಿ, ಮಿಸೊ ಸಾರು ಎಲ್ಲ ನೋಡಲು ಸಸ್ಯಾಹಾರವೇ, ಆದರೆ ಬಹುತೇಕ ಎಲ್ಲಕ್ಕೂ 'ದಾಶಿ' ಎಂಬ ಮೀನಿನ ರಸ ಹಾಕಿರುತ್ತಾರೆ. 'ಮಾಂಸವಿಲ್ಲವೇ' ಎಂದು ಕೇಳಿದರೆ ಸಾಲದು, ದಾಶಿಯ ಹೆಸರು ಹಿಡಿದೇ ಕೇಳಬೇಕು. ಉಳಿಯುವ ಮನೆಗೆ ಮೊದಲೇ ಬರೆದು ತಿಳಿಸಿದರೆ ಅವರಿಗೂ ಅನುಕೂಲ.

ಇನ್ನೊಂದು ದಿನ ಕೈಯಲ್ಲಿದ್ದರೆ ಎರಡು ದಾರಿಗಳಿವೆ. ಕವಾಯಿ ಕಡೆ 'ಸಾನ್‌ಚೂ' ಕಾಗದ ತಯಾರಾಗುತ್ತದೆ. ಕೋಜೊ ಗಿಡದ ತೊಗಟೆಯ ನಾರನ್ನು ಚಳಿಗಾಲದ ಹಿಮದ ಮೇಲೆ ಹರವಿ ಬಿಸಿಲಿಗೆ ಬಿಡುತ್ತಾರೆ, ಔಷಧಿ ಹಾಕದೆಯೇ ನಾರು ಬೆಳ್ಳಗಾಗುತ್ತದೆ. ಇನ್ನೊಂದು ದಾರಿ ಕಾಮಿಓಕಾಕ್ಕೆ. ಅಲ್ಲಿನ ಹಳೆಯ ಗಣಿಯಲ್ಲಿ, ಬೆಟ್ಟದ 1,000 ಮೀಟರ್ ಕೆಳಗೆ, 50,000 ಟನ್ ನೀರು ತುಂಬಿದ ಸೂಪರ್-ಕಾಮಿಯೊಕಾಂಡೆ ತೊಟ್ಟಿಯಿದೆ. ನ್ಯೂಟ್ರಿನೊ ಎಂಬ ಕಣಗಳನ್ನು ಹಿಡಿಯುವ ಈ ಗಣಿಯ ಸಂಶೋಧನೆಗೆ 2002ರಲ್ಲಿ ಮಸತೊಶಿ ಕೊಶಿಬಾ, 2015ರಲ್ಲಿ ತಕಾಕಿ ಕಾಜಿತಾ ನೊಬೆಲ್ ಪಡೆದರು. ಕನ್ನಡಿಗರಿಗೆ ಇಲ್ಲೊಂದು ನಂಟಿದೆ. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳು ಮೊದಲು ಪತ್ತೆಯಾದ ಜಾಗಗಳಲ್ಲಿ ಒಂದು ನಮ್ಮ ಕೋಲಾರದ ಚಿನ್ನದ ಗಣಿ. 1965ರಲ್ಲಿ ಅಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯದ ಜೊತೆ ಜಪಾನಿನ ಒಸಾಕಾ ನಗರ ವಿಶ್ವವಿದ್ಯಾಲಯದವರೂ ಕೆಲಸ ಮಾಡಿದ್ದರು. ಕಾಮಿಓಕಾದ ಗಣಿಯೊಳಕ್ಕೆ ಪ್ರವಾಸಿಗರನ್ನು ಸುಮ್ಮನೆ ಬಿಡುವುದಿಲ್ಲ. 2019ರಲ್ಲಿ ತೆರೆದ ಕಾಮಿಓಕಾ ಲ್ಯಾಬ್ ಎಂಬ ವಿಜ್ಞಾನ ಪ್ರದರ್ಶನ ಹೆದ್ದಾರಿಯ ಪಕ್ಕದಲ್ಲೇ ಇದೆ, ಫುರುಕಾವಾದಿಂದ ಕಾಮಿಓಕಾಕ್ಕೆ ಬಸ್ಸು ಹೋಗುತ್ತದೆ.